ಒಂದು ಗ್ರಾಮಿನ ಮೋಟಾರು, ಅರ್ಧ ಗ್ರಾಮಿನ ಕಾಗದ

1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್ ಎಂಬ ಊರಿನ ಹೊಲವೊಂದರಲ್ಲಿ ರಾಬರ್ಟ್ ಗೊಡ್ಡಾರ್ಡ್ ಹಾರಿಸಿದ ರಾಕೆಟ್ಟು ಮೇಲೇರಿದ್ದು 41 ಅಡಿ. ಎರಡೂವರೆ ಸೆಕೆಂಡಿನಲ್ಲಿ ಎಲ್ಲ ಮುಗಿದು ಅದು ಎಲೆಕೋಸಿನ ಪಾತಿಗೆ ಬಂದು ಬಿತ್ತು. ಪೆಟ್ರೋಲನ್ನು ದ್ರವ ಆಮ್ಲಜನಕದೊಂದಿಗೆ ಉರಿಸಿ ಹಾರಿದ ಜಗತ್ತಿನ ಮೊದಲ ರಾಕೆಟ್ಟು ಅದು. ಮನುಷ್ಯನನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್‌ಗೂ ಅದೇ ಮೂಲಪುರುಷ. ಆದರೆ ಎತ್ತರವೊಂದನ್ನೇ ಲೆಕ್ಕಕ್ಕೆ ಹಿಡಿಯುವುದಾದರೆ, ಇವತ್ತು ಅಮೆರಿಕದ ಆಟದ ಬಯಲುಗಳಲ್ಲಿ ಮಕ್ಕಳು ಹಾರಿಸುವ ಅತಿ ಪುಟ್ಟ ಮಾಡೆಲ್ ರಾಕೆಟ್ಟು ಗೊಡ್ಡಾರ್ಡರನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಅದರ ಮೋಟಾರಿನ ತೂಕ ಒಂದು ಗ್ರಾಮಿನ ಆಸುಪಾಸು, ದಪ್ಪ ಆರು ಮಿಲಿಮೀಟರ್, ಉದ್ದ ಸುಮಾರು ಒಂದು ಅಂಗುಲ. ಏರುವುದು ಇಪ್ಪತ್ತು ಮೀಟರಿಗೂ ಮೇಲೆ.

ಇಷ್ಟು ಚಿಕ್ಕದನ್ನು ಕಟ್ಟುವುದು ದೊಡ್ಡದಕ್ಕಿಂತ ಸುಲಭ ಎಂದುಕೊಳ್ಳುವುದು ಸಹಜ. ಹಾಗೇನಿಲ್ಲ. ಅಳತೆ ಕುಗ್ಗಿದ ಹಾಗೆ ಕೆಲವು ತಲೆನೋವುಗಳು ತಾವಾಗಿಯೇ ಮಾಯವಾಗುತ್ತವೆ, ಹೊಸ ಕೆಲವು ಹುಟ್ಟಿಕೊಳ್ಳುತ್ತವೆ. ಯಾವುದು ಮಾಯ, ಯಾವುದು ಹೊಸತು ಎಂದು ಹುಡುಕುತ್ತ ಹೋದರೆ ರಾಕೆಟ್ ಶಾಸ್ತ್ರದ ಅರ್ಧ ಪಾಠ ಮುಗಿದಂತೆಯೇ.

ಮೊದಲು ಭಾಗಗಳನ್ನು ನೋಡೋಣ. ಮುಂದೆ ಚೂಪಾದ ಅಥವಾ ದುಂಡಗಿನ ಮೂತಿ. ಅದರ ಹಿಂದೆ ಕಾಗದದ ಕೊಳವೆ. ಕೊಳವೆಯ ಬಾಲಕ್ಕೆ ಮೂರೋ ನಾಲ್ಕೋ ರೆಕ್ಕೆ. ಇವನ್ನು ರಟ್ಟಿನಿಂದಲೋ ಹಗುರವಾದ ಬಾಲ್ಸಾ ಮರದ ತೆಳುಹಲಗೆಯಿಂದಲೋ ಕತ್ತರಿಸುತ್ತಾರೆ. ಪಕ್ಕದಲ್ಲಿ ಅಂಟಿಸಿದ ಸ್ಟ್ರಾ ತುಂಡಿನಂಥ ಒಂದು ನಳಿಕೆ. ನೆಲಕ್ಕೆ ನೆಟ್ಟ ಉಕ್ಕಿನ ಕಂಬಿಗೆ ರಾಕೆಟ್ಟನ್ನು ಪೋಣಿಸಿ ನಿಲ್ಲಿಸುವುದು ಇದರಿಂದಲೇ. ರೆಕ್ಕೆಗಳಿಗೆ ಎದುರುಗಾಳಿ ಸಿಗುವವರೆಗೆ ಅವು ನಿರುಪಯೋಗಿ. ನಿಂತ ರಾಕೆಟ್ಟಿಗೆ ಗಾಳಿಯ ಹಿಡಿತವೇ ಇರುವುದಿಲ್ಲ. ಹಾಗಾಗಿ ಸಾಕಷ್ಟು ವೇಗ ಬರುವ ತನಕ ಕಂಬಿ ಅದರ ಕೈ ಹಿಡಿದು ನಡೆಸುತ್ತದೆ.

ಇನ್ನು ಮೋಟಾರು. ಸಾಮಾನ್ಯ ಮಾಡೆಲ್ ರಾಕೆಟ್ ಮೋಟಾರು ಎಂದರೆ ಬಿಗಿಯಾಗಿ ಸುತ್ತಿದ ದಪ್ಪ ಕಾಗದದ ಕೊಳವೆ. ಹಿಂಬದಿಯಲ್ಲಿ ಜೇಡಿಮಣ್ಣಿನ ನಾಜಲ್, ಒಳಗೆ ಯಂತ್ರದಿಂದ ಒತ್ತಿ ಗಟ್ಟಿ ಮಾಡಿದ ಕರಿಮದ್ದು. ಮದ್ದು ಉರಿದು ಮುಗಿಯುವುದು ಒಂದೆರಡು ಸೆಕೆಂಡಿನೊಳಗೆ. ಆಮೇಲೆ ಬೆಂಕಿ ನಿಧಾನವಾಗಿ ಉರಿಯುವ ಇನ್ನೊಂದು ಪದರಕ್ಕೆ ದಾಟುತ್ತದೆ. ಈ ಪದರ ನೂಕುವುದಿಲ್ಲ, ಹೊಗೆಯನ್ನಷ್ಟೇ ಬಿಡುತ್ತದೆ. ರಾಕೆಟ್ಟು ಗಳಿಸಿಕೊಂಡ ವೇಗದಲ್ಲೇ ಮೇಲೇರುತ್ತಿರುವ ಹೊತ್ತು ಇದು. ಪದರ ಮುಗಿದ ಕೂಡಲೇ ಮುಂಬದಿಯ ಚಿಟಿಕೆ ಮದ್ದು ಸಿಡಿದು ಮೂತಿಯನ್ನು ಹೊರಕ್ಕೆ ತಳ್ಳುತ್ತದೆ, ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ತಂತಿಯಿಲ್ಲ, ಗಡಿಯಾರವಿಲ್ಲ, ಚಿಪ್ ಇಲ್ಲ. ಏರುವುದು, ಕಾಯುವುದು, ಬಿಚ್ಚಿಕೊಳ್ಳುವುದು ಮೂರನ್ನೂ ಒಂದೇ ಬೆಂಕಿ ಸಾಲಾಗಿ ಮಾಡಿ ಮುಗಿಸುತ್ತದೆ. ಇಪ್ಪತ್ತನೆಯ ಶತಮಾನದ ಜಾಣ ವಿನ್ಯಾಸಗಳ ಪಟ್ಟಿ ಮಾಡುವವರು ಇದನ್ನು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಮೋಟಾರಿನ ಮೈಮೇಲೆ ಒಂದು ಸಂಕೇತ ಮುದ್ರಿಸಿರುತ್ತಾರೆ. 'ಎ3-4' ಎಂದಿದ್ದರೆ ಅಕ್ಷರ ಹೇಳುವುದು ಒಟ್ಟು ತಾಕತ್ತನ್ನು: ಎ ಅಂದರೆ ಗರಿಷ್ಠ 2.5 ನ್ಯೂಟನ್-ಸೆಕೆಂಡ್, ಬಿ ಅಂದರೆ 5, ಸಿ ಅಂದರೆ 10. ಒಂದೊಂದು ಅಕ್ಷರ ಮುಂದೆ ಹೋದಾಗಲೂ ಮಿತಿ ಇಮ್ಮಡಿ. 3 ಎನ್ನುವುದು ಸರಾಸರಿ ನೂಕುಬಲ, ನ್ಯೂಟನ್ನಿನಲ್ಲಿ. ಒಂದು ನ್ಯೂಟನ್ ಎಂದರೆ ಹೆಚ್ಚುಕಡಿಮೆ ನೂರು ಗ್ರಾಮಿನ ತೂಕ. ಕೊನೆಯ 4 ಎಂದರೆ ಮದ್ದು ಮುಗಿದ ಮೇಲೆ ಮೂತಿ ಬಿಚ್ಚಿಕೊಳ್ಳಲು ತಗಲುವ ಸೆಕೆಂಡುಗಳು. ಎ ಗಿಂತ ಕೆಳಗೆ ಅರ್ಧ ಎ, ಕಾಲು ಎ, ಅರೆಕಾಲು ಎ ಎಂದು ಇಳಿಯುತ್ತ ಹೋಗುತ್ತದೆ. ಮೇಲೆ ಹೇಳಿದ ಒಂದು ಗ್ರಾಮಿನದು ಈ ಅರೆಕಾಲು ವರ್ಗಕ್ಕೆ ಸೇರಿದ್ದು. 1990ರ ದಶಕದ ಕೊನೆಯಲ್ಲಿ ಕ್ವೆಸ್ಟ್ ಎಂಬ ಕಂಪನಿ ಮೈಕ್ರೋಮ್ಯಾಕ್ಸ್ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಎಷ್ಟೋ ಮೊದಲೇ ಎಸ್ಟೆಸ್ ಕಂಪನಿಯ ಮಸ್ಕಿಟೊ ಎಂಬ ಪುಟ್ಟ ರಾಕೆಟ್ಟು ಇತ್ತು. ಹತ್ತು ಸೆಂಟಿಮೀಟರ್ ಉದ್ದದ ಈ ಸೊಳ್ಳೆ, ಎ ವರ್ಗದ ಮೋಟಾರು ಹಾಕಿದರೆ ನೂರು ಮೀಟರಿಗೂ ಮೇಲೆ ಏರಿ ಕಣ್ಣಿಗೆ ಕಾಣದಂತಾಗುತ್ತದೆ. ಹಾಗೆ ಹೋದದ್ದು ಮತ್ತೆ ಸಿಕ್ಕಿದರೆ ಅದೃಷ್ಟ. ಪುಟ್ಟ ರಾಕೆಟ್ಟಿಗೆ ಪುಟ್ಟ ಮೋಟಾರೇ ಸರಿ ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಈಗ ಅಳತೆಯ ಮಾತಿಗೆ ಬರೋಣ. ಒಂದು ರಾಕೆಟ್ಟಿನ ಉದ್ದ, ದಪ್ಪ ಎಲ್ಲವನ್ನೂ ಅರ್ಧಕ್ಕೆ ಇಳಿಸಿದಿರಿ ಎನ್ನಿ. ಗಾಳಿಗೆ ಎದುರಾಗುವ ಅದರ ಮುಖ ಕಾಲುಭಾಗವಾಗುತ್ತದೆ; ತೂಕ ಮಾತ್ರ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅಂದರೆ ಒಂದೊಂದು ಗ್ರಾಮಿಗೂ ಗಾಳಿಯ ತಡೆ ಎರಡರಷ್ಟು. ಇನ್ನೂ ಅರ್ಧ ಮಾಡಿದರೆ ನಾಲ್ಕರಷ್ಟು. ಮುಗಿಲಿಗೆ ಹೋಗುವ ದೊಡ್ಡ ರಾಕೆಟ್ಟಿನ ಮುಖ್ಯ ಜಗಳ ಭೂಮಿಯ ಸೆಳೆತದ ಜೊತೆ. ಬೆರಳುದ್ದದ ರಾಕೆಟ್ಟಿನ ಜಗಳ ಗಾಳಿಯ ಜೊತೆ. ಮೋಟಾರು ಆರಿದ ಮರುಕ್ಷಣದಿಂದ ಗಾಳಿ ಅದರ ವೇಗವನ್ನು ಕಿತ್ತುಕೊಳ್ಳತೊಡಗುತ್ತದೆ.

ಇಲ್ಲಿಂದ ಒಂದು ಸೋಜಿಗ ಹುಟ್ಟುತ್ತದೆ. ರಾಕೆಟ್ಟು ಹಗುರಾದಷ್ಟೂ ಒಳ್ಳೆಯದು ಎಂಬ ನಮ್ಮ ನಂಬಿಕೆ ಒಂದು ಹಂತದ ಕೆಳಗೆ ಸುಳ್ಳಾಗುತ್ತದೆ. ಕಡಲೆಪುರಿಯನ್ನು ಎಷ್ಟು ಜೋರಾಗಿ ಎಸೆದರೂ ನಾಲ್ಕು ಮಾರು ದಾಟುವುದಿಲ್ಲ. ಅದೇ ಕೈಯಿಂದ ಎಸೆದ ಕಡಲೆಕಾಳು ಬೀದಿಯ ಆಚೆ ಬೀಳುತ್ತದೆ. ತೀರ ಹಗುರಾದ ರಾಕೆಟ್ಟು ರಭಸದಿಂದ ಹೊರಟು ಬೇಗನೆ ಸುಸ್ತಾಗುತ್ತದೆ. ತೀರ ಭಾರವಾದದ್ದಕ್ಕೆ ಹೊರಡುವುದೇ ಕಷ್ಟ. ಇವೆರಡರ ನಡುವೆ ಎಲ್ಲೋ ಅತ್ಯುತ್ತಮ ತೂಕ ಒಂದಿದೆ. ಮೂತಿಯೊಳಗೆ ಅರ್ಧ ಗ್ರಾಮ್ ಜೇಡಿಮಣ್ಣು ಸೇರಿಸಿದ ಮೇಲೆ ರಾಕೆಟ್ಟು ಮೊದಲಿಗಿಂತ ಎತ್ತರ ಹೋಯಿತೆಂದರೆ ಅದು ಪವಾಡವಲ್ಲ.

ಆ ಜೇಡಿಮಣ್ಣಿಗೆ ಇನ್ನೊಂದು ಕೆಲಸವೂ ಉಂಟು. ರಾಕೆಟ್ಟು ನೇರ ಹಾರಬೇಕಾದರೆ ಎರಡು ಬಿಂದುಗಳ ಲೆಕ್ಕ ಸರಿಯಿರಬೇಕು. ಒಂದು ತೂಕದ ನಡುಬಿಂದು, ಅಂದರೆ ಬೆರಳ ಮೇಲಿಟ್ಟರೆ ತಕ್ಕಡಿಯಾಗಿ ನಿಲ್ಲುವ ಜಾಗ. ಇನ್ನೊಂದು ಗಾಳಿಯ ಒತ್ತಡದ ನಡುಬಿಂದು, ಅಂದರೆ ಅಡ್ಡಗಾಳಿಯ ಒಟ್ಟು ತಳ್ಳಾಟ ಬಿದ್ದಂತೆ ಭಾಸವಾಗುವ ಜಾಗ. ತೂಕದ ಬಿಂದು ಮುಂದೆ, ಗಾಳಿಯ ಬಿಂದು ಹಿಂದೆ ಇರಬೇಕು. ಎರಡರ ನಡುವೆ ಕನಿಷ್ಠ ಕೊಳವೆಯ ದಪ್ಪದಷ್ಟು ಅಂತರವಿರಲಿ ಎಂಬುದು ರೂಢಿಯ ನಿಯಮ. ಹಾಗಿದ್ದರೆ ರಾಕೆಟ್ಟು ಓರೆಯಾದಾಗಲೆಲ್ಲ ಗಾಳಿಯೇ ಬಾಲವನ್ನು ತಳ್ಳಿ ಸರಿದಾರಿಗೆ ತರುತ್ತದೆ. ತಿರುಗಾಮುರುಗಾ ಆದರೆ ಅದೇ ಗಾಳಿ ಓರೆಯನ್ನು ಹೆಚ್ಚಿಸಿ ಗಿರಗಿರ ತಿರುಗಿಸಿಬಿಡುತ್ತದೆ. ರೆಕ್ಕೆಗಳನ್ನು ಹಿಂದೆ ಅಂಟಿಸುವುದು ಗಾಳಿಯ ಬಿಂದುವನ್ನು ಹಿಂದಕ್ಕೆ ಎಳೆಯಲು. ಮೂತಿಯೊಳಗೆ ಮಣ್ಣು ತುಂಬುವುದು ತೂಕದ ಬಿಂದುವನ್ನು ಮುಂದಕ್ಕೆ ತರಲು.

ಗೊಡ್ಡಾರ್ಡರೇ ಈ ವಿಷಯದಲ್ಲಿ ಮೊದಲು ಎಡವಿದ್ದರು. 1926ರ ಅವರ ರಾಕೆಟ್ಟಿನಲ್ಲಿ ಎಂಜಿನ್ ಇದ್ದದ್ದು ಮೇಲ್ತುದಿಯಲ್ಲಿ, ಇಂಧನದ ತೊಟ್ಟಿಗಳು ಕೆಳಗೆ. ಮೇಲಿನಿಂದ ಎಳೆದರೆ ತೂಗುಹಾಕಿದಂತೆ ನೆಟ್ಟಗೆ ಇರುತ್ತದೆ ಎಂಬ ಎಣಿಕೆ. ಆದರೆ ಎಂಜಿನ್ನು ಮೇಲಿರಲಿ ಕೆಳಗಿರಲಿ, ರಾಕೆಟ್ಟು ಓರೆಯಾದರೆ ನೂಕುಬಲವೂ ಅದರ ಜೊತೆಗೇ ಓರೆಯಾಗುತ್ತದೆ, ಆದ್ದರಿಂದ ಲಾಭವೇನೂ ಇಲ್ಲ. ಮುಂದಿನ ರಾಕೆಟ್ಟುಗಳಲ್ಲಿ ಅವರು ಎಂಜಿನ್ನನ್ನು ಬುಡಕ್ಕೆ ಇಳಿಸಿದರು. ಗಾಳಿಯ ಬಿಂದು ಎಲ್ಲಿದೆ ಎಂದು ಕಾಗದದ ಮೇಲೆಯೇ ಕಂಡುಹಿಡಿಯುವ ಸೂತ್ರಗಳನ್ನು 1966ರಲ್ಲಿ ಹವ್ಯಾಸಿಗಳ ಕೈಗೆ ಕೊಟ್ಟವರು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್. ಅಷ್ಟು ಗಣಿತ ಬೇಡವೆನ್ನುವವರಿಗೆ ದಾರದ ಪರೀಕ್ಷೆ ಇದೆ. ಮೋಟಾರು ಸಮೇತ ರಾಕೆಟ್ಟಿನ ತೂಕದ ಬಿಂದುವಿಗೆ ದಾರ ಕಟ್ಟಿ ತಲೆಯ ಸುತ್ತ ಬೀಸಿ ತಿರುಗಿಸಿ. ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ಹಾರಿಸಬಹುದು. ಬಾಲ ಮುಂದಾದರೆ ಮೂತಿಗೆ ಇನ್ನಷ್ಟು ಮಣ್ಣು ಬೇಕು.

ಪುಟ್ಟ ರಾಕೆಟ್ಟಿನಲ್ಲಿ ಈ ಸಮತೋಲ ಇನ್ನೂ ನಾಜೂಕು. ಒಟ್ಟು ನಾಲ್ಕು ಗ್ರಾಮಿನ ರಾಕೆಟ್ಟಿನಲ್ಲಿ ಮೋಟಾರೇ ಒಂದು ಗ್ರಾಮ್. ಅಂದರೆ ಕಾಲುಭಾಗ ತೂಕ ಬಾಲದಲ್ಲೇ ಕೂತಿರುತ್ತದೆ. ರೆಕ್ಕೆಯ ಬುಡಕ್ಕೆ ಧಾರಾಳವಾಗಿ ಗೋಂದು ಸುರಿದರೆ ಅಲ್ಲೇ ಇನ್ನರ್ಧ ಗ್ರಾಮ್ ಕೂಡಿಕೊಂಡಿತು. ಅಡಿಯುದ್ದದ ರಾಕೆಟ್ಟಿನಲ್ಲಿ ಯಾರ ಲೆಕ್ಕಕ್ಕೂ ಬಾರದ ಗೋಂದು ಇಲ್ಲಿ ಹಣೆಬರಹವನ್ನೇ ಬದಲಿಸಬಲ್ಲದು. ಬಣ್ಣ ಬಳಿಯುವ ಉತ್ಸಾಹಿಗಳಿಗೂ ಇದೇ ಮಾತು.

ಇಳಿಯುವಾಗ ಮಾತ್ರ ಪುಟ್ಟದ್ದಕ್ಕೆ ಗಾಳಿಯೇ ನೆಂಟ. ಏರುವಾಗ ತಡೆದ ಅದೇ ಗಾಳಿ ಬೀಳುವಾಗಲೂ ತಡೆಯುತ್ತದಲ್ಲ! ಹಾಗಾಗಿ ತೀರ ಚಿಕ್ಕವಕ್ಕೆ ಪ್ಯಾರಾಶೂಟೇ ಬೇಡ. ಕೆಲವದರಲ್ಲಿ ಪ್ಲಾಸ್ಟಿಕ್ ಪಟ್ಟಿಯೊಂದು ಬಿಚ್ಚಿಕೊಂಡು ಪಟಪಟಿಸುತ್ತದೆ. ಇನ್ನು ಕೆಲವದರಲ್ಲಿ ಸಿಡಿತಕ್ಕೆ ಮೋಟಾರು ಹಿಂದಕ್ಕೆ ಜಾರಿ ಸಮತೋಲ ಕೆಡುತ್ತದೆ. ಬೇಕೆಂದೇ ಕೆಡಿಸುವುದು. ಸಮತೋಲ ತಪ್ಪಿದ ರಾಕೆಟ್ಟು ಲಾಗ ಹಾಕುತ್ತ ಹಾಕುತ್ತ ಮೆಲ್ಲನೆ ಹುಲ್ಲಿನ ಮೇಲೆ ಬೀಳುತ್ತದೆ.

ಈ ಆಟ ಹುಟ್ಟಿದ್ದು ಒಂದು ಚಪ್ಪಲಿ ಅಂಗಡಿಯವರಿಂದ. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನ ಆರ್ವಿಲ್ ಕಾರ್ಲೈಲ್ ಪಾದರಕ್ಷೆಯ ವ್ಯಾಪಾರಿ, ಪಟಾಕಿಯ ಹುಚ್ಚು. ಸೋದರ ರಾಬರ್ಟ್‌ಗೆ ಮಾಡೆಲ್ ವಿಮಾನಗಳ ಹುಚ್ಚು. ಎರಡೂ ಸೇರಿ 1954ರಲ್ಲಿ, ಮೋಟಾರನ್ನು ಪ್ರತಿ ಬಾರಿ ಬದಲಿಸಿ ಮತ್ತೆ ಮತ್ತೆ ಹಾರಿಸಬಹುದಾದ ರಾಕೆಟ್ಟು ತಯಾರಾಯಿತು. ಆಗ ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್, ಮನೆಯಲ್ಲಿ ಮದ್ದು ಅರೆದು ಕೈ ಸುಟ್ಟುಕೊಳ್ಳುವ ಹುಡುಗರ ಬಗ್ಗೆ ಚಿಂತಿಸಿ ಬರೆಯುತ್ತಿದ್ದವರು. 1957ರಲ್ಲಿ ಕಾರ್ಲೈಲ್ ತಮ್ಮ ರಾಕೆಟ್ಟುಗಳನ್ನು ಸ್ಟೈನ್‌ಗೆ ಅಂಚೆಯಲ್ಲಿ ಕಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿತು. ಅಮೆರಿಕದ ಪ್ರತಿ ಊರಿನಲ್ಲೂ ಕಬ್ಬಿಣದ ಪೈಪಿಗೆ ಮದ್ದು ತುಂಬುವ ಹುಡುಗರು ಹುಟ್ಟಿಕೊಂಡರು. ಸ್ಟೈನ್ ಮೋಟಾರು ಮಾರುವ ಕಂಪನಿ ಕಟ್ಟಿದರು. ಅವರಿಗೆ ಮೋಟಾರು ಒದಗಿಸಲು ಡೆನ್ವರಿನ ಪಟಾಕಿ ತಯಾರಕರ ಮಗ ವರ್ನ್ ಎಸ್ಟೆಸ್ ಒಂದು ಯಂತ್ರವನ್ನೇ ಕಟ್ಟಿ ಅದಕ್ಕೆ ಮೇಬಲ್ ಎಂದು ಹೆಸರಿಟ್ಟರು.

ಆಗ ರೂಪುಗೊಂಡ ನಿಯಮಗಳ ತಿರುಳು ಇವತ್ತಿಗೂ ಬದಲಾಗಿಲ್ಲ. ಮೋಟಾರು ಕಾರ್ಖಾನೆಯದ್ದೇ ಆಗಿರಬೇಕು, ಮನೆಯಲ್ಲಿ ಮದ್ದು ತುಂಬುವಂತಿಲ್ಲ. ಮೂತಿ, ಮೈ, ರೆಕ್ಕೆಗಳಲ್ಲಿ ಲೋಹ ಕೂಡದು. ಬೆಂಕಿ ಕೊಡುವುದು ಕಡ್ಡಿ ಗೀರಿ ಅಲ್ಲ. ಸಣ್ಣ ಮೋಟಾರಿಗೂ ಕನಿಷ್ಠ 15 ಅಡಿ ದೂರದಲ್ಲಿ ನಿಂತು ಬ್ಯಾಟರಿಯ ಗುಂಡಿ ಒತ್ತಬೇಕು. ಹೊತ್ತಿಕೊಳ್ಳದಿದ್ದರೆ ಒಂದು ನಿಮಿಷ ಯಾರೂ ಹತ್ತಿರ ಸುಳಿಯಬಾರದು. ದೀಪಾವಳಿಯಲ್ಲಿ ಆರಿದ ಪಟಾಕಿಯ ಮೇಲೆ ಬಗ್ಗಿ ಊದುವವರಿಗೆ ಈ ಕೊನೆಯ ನಿಯಮವನ್ನಾದರೂ ಬಾಯಿಪಾಠ ಮಾಡಿಸಬೇಕು.

ಲೋಹ ಬೇಡ ಎನ್ನುವಲ್ಲಿ ನಮ್ಮ ಮೈಸೂರು ನೆನಪಾಗದೆ ಇರದು. ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳ ಹೆಗ್ಗಳಿಕೆಯೇ ಕಬ್ಬಿಣದ ಕೊಳವೆ. ಕಾಗದ, ಬಿದಿರಿನ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳಿತು. ಅದೇ ಮದ್ದಿನಿಂದ ರಾಕೆಟ್ಟು ಹೆಚ್ಚು ದೂರ ಹೋಯಿತು. ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಕುರಿತು ವಿವರವಾಗಿ ಬರೆದಿದ್ದಾರೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಯುದ್ಧಕ್ಕೆ ಬೇಕಾದ್ದು ಗಟ್ಟಿ ಕೊಳವೆ, ಆಟಕ್ಕೆ ಬೇಕಾದ್ದು ಮೆದು ಕೊಳವೆ. ಒಡೆದರೆ ಕಾಗದ ಹರಿಯುತ್ತದೆ, ಕಬ್ಬಿಣ ಚೂರುಚೂರಾಗಿ ಮೈಗೆ ನಾಟುತ್ತದೆ. ಮೈಸೂರಿನವುಗಳಿಗೆ ರೆಕ್ಕೆ ಇರಲಿಲ್ಲ. ಉದ್ದನೆಯ ಬಿದಿರಿನ ಗಳುವೇ ದಿಕ್ಕು ಕಾಯುತ್ತಿತ್ತು. ಹಬ್ಬದ ರಾಕೆಟ್ಟಿನ ಕಡ್ಡಿ ಮಾಡುವುದೂ ಅದೇ ಕೆಲಸ.

ಪುಟ್ಟ ರಾಕೆಟ್ಟಿನ ಬಗ್ಗೆ ಬರೆಯುವಾಗ ನನಗೆ ಎಲ್ಲಕ್ಕಿಂತ ಹಿಡಿಸುವ ಪ್ರಸಂಗ ಜಪಾನಿನದು. ಎರಡನೆಯ ಮಹಾಯುದ್ಧ ಸೋತ ಜಪಾನಿಗೆ ವಿಮಾನ ಸಂಶೋಧನೆಯನ್ನೇ ನಿಷೇಧಿಸಲಾಗಿತ್ತು. 1952ರಲ್ಲಿ ನಿರ್ಬಂಧ ತೆರವಾಯಿತು. ಯುದ್ಧಕಾಲದಲ್ಲಿ ವಿಮಾನ ವಿನ್ಯಾಸ ಮಾಡಿದ್ದ ಹಿದೆಯೊ ಇತೊಕಾವಾ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ರಾಕೆಟ್ ತಂಡ ಕಟ್ಟಿದರು. ದುಡ್ಡು ಕಡಿಮೆ, ಸಿಕ್ಕ ಮದ್ದಿನ ಕಡ್ಡಿಗಳೂ ಸಣ್ಣವು. ಅದಕ್ಕೆ ತಕ್ಕ ಹಾಗೆ ಅವರು ಮಾಡಿದ ರಾಕೆಟ್ಟಿನ ಉದ್ದ 23 ಸೆಂಟಿಮೀಟರ್, ದಪ್ಪ 1.8 ಸೆಂಟಿಮೀಟರ್, ತೂಕ ಸುಮಾರು 200 ಗ್ರಾಮ್. ಒಂದು ಗೇಣು. ಹೆಸರೂ ಪೆನ್ಸಿಲ್ ರಾಕೆಟ್ ಎಂದೇ.

ಹಾರುವ ರಾಕೆಟ್ಟನ್ನು ಹಿಂಬಾಲಿಸಿ ಅಳೆಯುವ ರಾಡಾರ್ ಅವರ ಬಳಿ ಇರಲಿಲ್ಲ. ಹಾಗಾಗಿ ಇತೊಕಾವಾ ಮೊದಲಿಗೆ ರಾಕೆಟ್ಟನ್ನು ಆಕಾಶಕ್ಕೆ ಹಾರಿಸಲೇ ಇಲ್ಲ, ಅಡ್ಡಲಾಗಿ ಹಾರಿಸಿದರು! 1955ರ ಏಪ್ರಿಲ್ 12ರಂದು ಟೋಕಿಯೊ ಬಳಿಯ ಕೊಕುಬುಂಜಿಯಲ್ಲಿ ಅಧಿಕಾರಿಗಳೂ ಪತ್ರಕರ್ತರೂ ನೋಡುತ್ತಿದ್ದಂತೆ ಪೆನ್ಸಿಲ್ ರಾಕೆಟ್ಟು ಸಾಲಾಗಿ ನಿಲ್ಲಿಸಿದ ಕಾಗದದ ಪರದೆಗಳನ್ನು ಒಂದೊಂದಾಗಿ ತೂರಿಕೊಂಡು ಹೋಯಿತು. ಪ್ರತಿ ಪರದೆಯಲ್ಲೂ ತೆಳುತಂತಿ. ತಂತಿ ತುಂಡಾದ ಕ್ಷಣ ದಾಖಲಾಗುತ್ತಿತ್ತು. ಅದರಿಂದ ವೇಗ ಸಿಕ್ಕಿತು. ಕಾಗದದಲ್ಲಾದ ತೂತಿನ ಆಕಾರ ನೋಡಿದರೆ ರಾಕೆಟ್ಟು ಎಷ್ಟು ಓರೆಯಾಗಿತ್ತು, ಎಷ್ಟು ಸುತ್ತಿತ್ತು ಎಂಬುದೂ ತಿಳಿಯಿತು. ಮೂತಿಯ ಲೋಹ ಬದಲಿಸಿ ತೂಕದ ಬಿಂದುವನ್ನು ಹಿಂದೆ ಮುಂದೆ ಸರಿಸಿದರು, ರೆಕ್ಕೆಯ ಓರೆ ಬದಲಿಸಿದರು, ಮತ್ತೆ ಹಾರಿಸಿದರು. ಅಗ್ಗದ ರಾಕೆಟ್ಟಾದ್ದರಿಂದ ಮತ್ತೆ ಮತ್ತೆ ಹಾರಿಸಲು ಸಾಧ್ಯವಾಯಿತು. ಅದೇ ಆಗಸ್ಟಿನಲ್ಲಿ ಅಕಿತಾ ಸೀಮೆಯ ಮಿಚಿಕಾವಾ ಕಡಲತಡಿಯಿಂದ, ಮೂವತ್ತು ಸೆಂಟಿಮೀಟರಿನ ಪೆನ್ಸಿಲ್ ಮೇಲಕ್ಕೆ ಹಾರಿ 600 ಮೀಟರ್ ಮುಟ್ಟಿತು. 1970ರಲ್ಲಿ ಜಪಾನ್ ತನ್ನದೇ ರಾಕೆಟ್ಟಿನಿಂದ ಉಪಗ್ರಹ ಹಾರಿಸಿತು. 2005ರಲ್ಲಿ ಹಯಬುಸಾ ನೌಕೆ ಹೋಗಿ ಇಳಿದ ಕ್ಷುದ್ರಗ್ರಹಕ್ಕೆ ಇತೊಕಾವಾ ಎಂದೇ ಹೆಸರು.

ನಮ್ಮ ದೇಶದಲ್ಲೂ ಶುರುವಾದದ್ದು ತೆಳ್ಳಗಿನದರಿಂದಲೇ. 1967ರ ನವೆಂಬರಿನಲ್ಲಿ ತುಂಬಾದಿಂದ ಹಾರಿದ ಮೊದಲ ಸ್ವದೇಶಿ ರೋಹಿಣಿ ರಾಕೆಟ್ಟಿನ ವ್ಯಾಸ 75 ಮಿಲಿಮೀಟರ್. ಈಚೆಗೆ ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಥ್ರಸ್ಟ್‌ಎಂಐಟಿ ತಂಡ ಅಮೆರಿಕದ ಸ್ಪರ್ಧೆಗೂ ಹೋಗಿ ಬಂದಿದೆ. ಆದರೆ ಹೈಸ್ಕೂಲಿನ ಮಕ್ಕಳಿಗೆ ಅಂಗಡಿಯಲ್ಲಿ ಮೋಟಾರು ಸಿಗುವ ಸ್ಥಿತಿ ಇಲ್ಲಿಲ್ಲ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು ಅಪರಾಧ. ಕಾನೂನು ಬದಿಗಿರಲಿ, ಪಟಾಕಿ ಬಿಚ್ಚಿ ಮದ್ದು ಒಟ್ಟುಮಾಡಿ ಕೊಳವೆಗೆ ಜಡಿಯುವುದು ಕೈ, ಕಣ್ಣು ಕಳೆದುಕೊಳ್ಳುವ ದಾರಿ. ಅಂಥ ವಿಡಿಯೊಗಳನ್ನು ನೋಡಿ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಇವತ್ತೇ ತಡೆಯಿರಿ.

ಹಾಗಾದರೆ ನಮಗೆ ಏನು ಉಳಿಯಿತು? ಉಸಿರು ಉಳಿಯಿತು. ಎ4 ಹಾಳೆಯಿಂದ ಹನ್ನೆರಡು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. 80 ಜಿಎಸ್‌ಎಂ ಹಾಳೆಯಾದರೆ ಅದರ ತೂಕ ಅರ್ಧ ಗ್ರಾಮೂ ಇರುವುದಿಲ್ಲ. ಪೆನ್ಸಿಲಿನ ಮೇಲೆ ಉದ್ದಕ್ಕೂ ಸುತ್ತಿ ಸೆಲ್ಲೊಟೇಪ್ ಹಾಕಿ, ಪೆನ್ಸಿಲ್ ಎಳೆದುಬಿಡಿ. ಒಂದು ತುದಿಯನ್ನು ಮಡಚಿ ಗಾಳಿ ಸೋರದಂತೆ ಟೇಪಿನಿಂದ ಮುಚ್ಚಿದರೆ ಮೂತಿಯಾಯಿತು. ಇನ್ನೊಂದು ತುದಿಗೆ ಮೂರು ತ್ರಿಕೋನ ರೆಕ್ಕೆ. ಎಳನೀರಿನ ಅಂಗಡಿಯ ಕಾಗದದ ಸ್ಟ್ರಾಗೆ ಇದನ್ನು ತೊಡಿಸಿ, ಒಮ್ಮೆಲೇ ಬಲವಾಗಿ ಊದಿ. ಸ್ಟ್ರಾ ಸಿಗದಿದ್ದರೆ ಪಪ್ಪಾಯಿ ಎಲೆಯ ದಂಟೂ ಆದೀತು. ಆಗ ಕಾಗದವನ್ನು ದಂಟಿನ ಮೇಲೆಯೇ ಸಡಿಲವಾಗಿ ಸುತ್ತಿಕೊಳ್ಳಬೇಕು. ಎದುರಿಗೆ ಯಾರೂ ನಿಂತಿರಬಾರದು, ಕಣ್ಣಿಗೆ ತಾಗೀತು.

ಮೇಲೆ ಹೇಳಿದ ಅಷ್ಟೂ ಪಾಠ ಈ ಕಾಗದದ ತುಂಡಿನಲ್ಲಿದೆ. ಇಲ್ಲಿ ಸ್ಟ್ರಾ ಎಂದರೆ ಕಂಬಿಯೂ ಹೌದು, ಮೋಟಾರೂ ಹೌದು. ರೆಕ್ಕೆಯಿಲ್ಲದೆ ಊದಿ ನೋಡಿ, ಪಲ್ಟಿ ಹೊಡೆಯುತ್ತದೆ. ರೆಕ್ಕೆಯನ್ನು ಮೂತಿಯ ಬಳಿ ಅಂಟಿಸಿ ಊದಿ, ಹಿಂದುಮುಂದಾಗುತ್ತದೆ. ರೆಕ್ಕೆಯನ್ನು ಹಿಂದೆ ಇಟ್ಟು ಮೂತಿಗೆ ಅವರೆಕಾಳಿನಷ್ಟು ಜೇಡಿಮಣ್ಣು ಮೆತ್ತಿ, ನೇರ ಹೋಗುತ್ತದೆ, ದೂರವೂ ಹೋಗುತ್ತದೆ. ಮಣ್ಣು ಇನ್ನೂ ಹೆಚ್ಚಿಸುತ್ತ ಹೋದರೆ ಒಂದು ಹಂತದ ನಂತರ ದೂರ ಕಡಿಮೆಯಾಗತೊಡಗುತ್ತದೆ. ಆ ಹಂತ ಎಲ್ಲಿ ಎಂದು ಹುಡುಕುವುದೇ ಪ್ರಯೋಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೊಂದಕ್ಕೂ ಐದಾರು ಹಾರಾಟ, ದೂರವನ್ನು ಬರೆದಿಟ್ಟು ಸರಾಸರಿ. ಬೇರೆ ಬೇರೆ ಮಕ್ಕಳ ಉಸಿರಿನ ಬಲ ಬೇರೆ ಬೇರೆ, ಆದ್ದರಿಂದ ಒಂದು ಪ್ರಯೋಗಕ್ಕೆ ಊದುವವರು ಒಬ್ಬರೇ ಇರಲಿ. ಕೊಕುಬುಂಜಿಯ ಕೆಲಸವೂ ತತ್ತ್ವದಲ್ಲಿ ಇದೇ ಆಗಿತ್ತು.

ಚಂದ್ರಯಾನ-3 ಇಳಿದ ಆಗಸ್ಟ್ 23 ಈಗ ರಾಷ್ಟ್ರೀಯ ಬಾಹ್ಯಾಕಾಶ ದಿನ. ಶಾಲೆಗಳಲ್ಲಿ ಆ ದಿನ ಥರ್ಮಾಕೋಲಿನ ಪಿಎಸ್‌ಎಲ್‌ವಿ ನಿಲ್ಲಿಸಿ ಭಾಷಣ ಮಾಡಿಸುತ್ತಾರೆ. ಅಪ್ಪ ಅಮ್ಮ ರಾತ್ರಿಯಿಡೀ ಕೂತು ಕತ್ತರಿಸಿದ ಆ ಥರ್ಮಾಕೋಲು ಹಾರುವುದಿಲ್ಲ, ಮಕ್ಕಳಿಗೆ ಏನನ್ನೂ ಕಲಿಸುವುದೂ ಇಲ್ಲ. ಮೇಷ್ಟ್ರುಗಳೇ, ಟೀಚರುಗಳೇ, ಬರುವ ಆಗಸ್ಟಿನಲ್ಲಿ ಅದನ್ನು ಬಿಟ್ಟು ಒಂದು ತರಗತಿಗಾದರೂ ಕಾಗದದ ರಾಕೆಟ್ಟು ಹಾರಿಸಿ, ದೂರ ಅಳೆಸಿ, ನೋಟ್‌ಬುಕ್ಕಿನಲ್ಲಿ ಗ್ರಾಫ್ ಬಿಡಿಸಿರಿ. ಬೇಕಾದದ್ದು ಕೆಲವು ಹಾಳೆ, ಒಂದು ಕಟ್ಟು ಸ್ಟ್ರಾ, ಸ್ವಲ್ಪ ಜೇಡಿಮಣ್ಣು, ಅಳತೆಯ ಟೇಪು ಮತ್ತು ಗಾಳಿ ಆಡದ ಒಂದು ಉದ್ದನೆಯ ವರಾಂಡ.